ಸೊಟ್ಟ ಹಲ್ಲಿಗೆ ಸ್ವಯಂಚಿಕಿತ್ಸೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ತಾಳ್ಮೆಯನ್ನು ಕುರಿತು ಯಾರೂ ಉಪದೇಶಿಸಬೇಕಾದುದಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ ಉಂಡೆಕೊಬ್ಬರಿಯಾಗುವವರೆಗೆ ಅವನು ಹತ್ತು ಹನ್ನೊಂದು ತಿಂಗಳು ಕಾಯುತ್ತಾನೆ. ಆತುರಪಟ್ಟು ಒಡೆದರೆ ಕೊಬ್ಬರಿಯೂ ಇಲ್ಲ, ಬೆಲೆಯೂ ಇಲ್ಲ. ಇಂತಹ ಸೀಮೆಯ ಮಕ್ಕಳಿಗೂ ಇಂದು ಮೊಬೈಲಿನ ಮೂಲಕ ಆತುರದ ಬೋಧೆಯೊಂದು ತಲುಪುತ್ತಿದೆ. ಮುಂಬಲ್ಲುಗಳ ನಡುವೆ ಸಂದಿದ್ದರೆ ರಬ್ಬರು ಬ್ಯಾಂಡು ಸುತ್ತಿರಿ, ಕೆಲವೇ ದಿನಗಳಲ್ಲಿ ಸಂದು ಮುಚ್ಚುವುದು, ವೈದ್ಯರಿಗೆ ಹಣ ತೆರುವುದೇಕೆ, ಎಂಬುದೇ ಆ ಬೋಧೆಯು. ಇದರ ಅಪಾಯವನ್ನು ವಾಚಕರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ದವಡೆಯ ಎಲುಬಿನ ಗೂಡಿನಲ್ಲಿ ಸೂಕ್ಷ್ಮವಾದ ನಾರುಗಳು ಅದನ್ನು ಹಿಡಿದಿರುತ್ತವೆ. ಹದವಾದ ಒತ್ತಡ ಬಿದ್ದಾಗ ಒಂದು ಮಗ್ಗುಲಿನ ಎಲುಬು ಕರಗಿ, ಮತ್ತೊಂದು ಮಗ್ಗುಲಿನಲ್ಲಿ ಹೊಸ ಎಲುಬು ಬೆಳೆದು, ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಂತೆ ಸರಿಯುತ್ತದೆ. ಆದುದರಿಂದಲೇ ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಹಿಡಿಯುವುದು. ಒತ್ತಡ ಮಿತಿಮೀರಿದರೆ ನಾರುಗಳ ರಕ್ತಸಂಚಾರ ಕೆಟ್ಟು ಬೇರು ಸವೆಯುತ್ತದೆ. ರಬ್ಬರಿನ ಕೇಡು ಇನ್ನೂ ಗೂಢವಾದುದು. ಹಲ್ಲು ಬೇರಿನ ಕಡೆಗೆ ಮೊನಚಾಗಿರುವುದರಿಂದ ಬ್ಯಾಂಡು ಜಾರಿ ವಸಡಿನೊಳಗೆ ಸೇರಿಕೊಳ್ಳುತ್ತದೆ. ಕಣ್ಣಿಗೆ ಕಾಣದು, ಎಕ್ಸ್‌ರೇಯಲ್ಲಿಯೂ ಸಾಮಾನ್ಯವಾಗಿ ಗೋಚರಿಸದು. ಬಿದ್ದುಹೋಯಿತೆಂದು ಬಗೆದು ಮತ್ತೊಂದನ್ನು ಸುತ್ತುವವರೂ ಉಂಟು. ಅದು ಬೇರಿನುದ್ದಕ್ಕೂ ನಾರನ್ನು ಕತ್ತರಿಸಿ, ಎಲುಬನ್ನು ಕೆಡಿಸಿ, ಕಡೆಗೆ ಹುಳುಕೇ ಇಲ್ಲದ ಹಲ್ಲನ್ನು ಕಳಚಿಹಾಕುತ್ತದೆ. ಸಂದು ಮುಚ್ಚಹೊರಟವನಿಗೆ ಬರಿಯ ಸಂದೇ ಉಳಿಯುತ್ತದೆ.

ಮನೆಯಲ್ಲಿಯೇ ಹಲ್ಲಿನ ಅಚ್ಚು ತೆಗೆದು ಅಂಚೆಯಲ್ಲಿ ಕಳುಹಿಸಿ, ಪಾರದರ್ಶಕ ಕವಚವನ್ನು ತರಿಸಿಕೊಳ್ಳುವ ಪದ್ಧತಿಯೂ ಹೊರದೇಶಗಳಲ್ಲಿ ಹಬ್ಬಿತು. ಆ ವ್ಯಾಪಾರದಲ್ಲಿ ಹೆಸರಾದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿಯು 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ, ಚಿಕಿತ್ಸೆಯ ನಡುವಿದ್ದ ಗಿರಾಕಿಗಳು ನಡುನೀರಿನಲ್ಲಿ ಉಳಿದರು.

ನೋಂದಾಯಿತರಲ್ಲದವರು ದಂತವೈದ್ಯವೃತ್ತಿಯನ್ನು ನಡೆಸದಂತೆ ನಮ್ಮ ದೇಶವು 1948ರಲ್ಲಿಯೇ ಶಾಸನ ಮಾಡಿತು. ಆದರೆ ತನ್ನ ಬಾಯಿಗೆ ತಾನೇ ಕೈಹಾಕುವವನನ್ನು ಯಾವ ಶಾಸನವು ತಡೆದೀತು? ಹಾಗೆಂದು ಹುಡುಗರನ್ನೇ ಹಳಿಯುವುದು ನ್ಯಾಯವಲ್ಲ. ಉಬ್ಬುಹಲ್ಲೆಂದು ಶಾಲೆಯಲ್ಲಿ ಅಡ್ಡಹೆಸರಿಡುವವರು ನಾವೇ. ಹೆಣ್ಣು ನೋಡಲು ಹೋಗಿ ಹಲ್ಲನ್ನು ಎಣಿಸುವವರೂ ನಾವೇ. ತಜ್ಞರ ಚಿಕಿತ್ಸೆಯೆಂದರೆ ಹಲವು ಸಾವಿರ ರೂಪಾಯಿಗಳ ಮಾತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜಿನಲ್ಲಿ ವೆಚ್ಚವು ಕಡಿಮೆಯಾದರೂ, ತಿಂಗಳು ತಿಂಗಳೂ ಅಲ್ಲಿಗೆ ಹೋಗಿಬರಲು ಕೂಲಿಯವನು ಒಂದು ದಿನದ ಸಂಪಾದನೆಯನ್ನೂ ಕಳೆದುಕೊಳ್ಳಬೇಕು.

ಆದುದರಿಂದ ಸರ್ಕಾರವು ಹಲ್ಲಿನ ವಕ್ರತೆಯನ್ನು ಬರಿಯ ಶೋಕಿಯ ವಿಷಯವೆಂದು ತಳ್ಳಿಹಾಕಬಾರದು. ಈ ಮೂರು ತಾಲ್ಲೂಕುಗಳ ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆಯಾದರೂ ತಜ್ಞರೊಬ್ಬರು ಬರುವಂತೆ ಏರ್ಪಾಡಾಗಬೇಕು. ಶಾಲೆಗಳಲ್ಲಿ ಏಳೆಂಟು ವರ್ಷದ ಮಕ್ಕಳ ಹಲ್ಲಿನ ಪರೀಕ್ಷೆ ತಪ್ಪದೆ ನಡೆಯಬೇಕು. ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗನೋ ಮಗಳೋ ಈಗಾಗಲೇ ರಬ್ಬರು ಸುತ್ತಿಕೊಂಡಿದ್ದು ಅದು ಕಾಣೆಯಾಗಿದ್ದರೆ, ಗದರಿಸುತ್ತ ಕೂರದೆ, ಇಂದೇ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಮುಚ್ಚಿಟ್ಟ ಸಂಗತಿಯು ವಸಡಿನೊಳಗೆ ತನ್ನ ಕೆಲಸವನ್ನು ನಡೆಸುತ್ತಲೇ ಇರುವುದು.