‘ಅನ್‌ಲಿಮಿಟೆಡ್’ ಎಂಬ ಮಾತಿನ ಆಯುಸ್ಸು: ಮೊಬೈಲ್ ಚಂದಾದಾರ ಮಹಾಜನರಲ್ಲಿ ವಿಜ್ಞಾಪನೆ



ಮಿತಿಯಿಲ್ಲದುದನ್ನು ಕೊಡುವೆನೆಂದು ಹೇಳಿ ಹಣ ಪಡೆದವನು, ಆ ಮಿತಿಯನ್ನು ಮುಂದೆ ತನಗೆ ತೋರಿದಾಗ ಗೊತ್ತುಮಾಡುವ ಅಧಿಕಾರವನ್ನೂ ತನ್ನಲ್ಲಿಯೇ ಇಟ್ಟುಕೊಂಡರೆ, ಅಂಥ ವ್ಯಾಪಾರಕ್ಕೆ ನಮ್ಮ ಸಂತೆಗಳಲ್ಲಿ ಸಲ್ಲುವ ಹೆಸರನ್ನು ಇಲ್ಲಿ ಅಚ್ಚುಹಾಕಿಸುವುದು ಸಭ್ಯತೆಯಲ್ಲ. ಮೊಬೈಲ್ ಕಂಪನಿಗಳು ಹಳೆಯ ಜಾಲದಿಂದ ಹೊಸ ಜಾಲಕ್ಕೆ ಏರುವಾಗ ಈ ವ್ಯಾಪಾರ ಮತ್ತೆ ಮತ್ತೆ ನಡೆದಿರುವುದರಿಂದ ಇದನ್ನು ತಮ್ಮ ಮುಂದಿಡುತ್ತಿದ್ದೇವೆ.

ಅಮೆರಿಕದಲ್ಲಿ ತಿಂಗಳಿಗೆ 30 ಡಾಲರಿಗೆ ಮಿತಿಯಿಲ್ಲದ ಡೇಟಾ ಒದಗಿಸುತ್ತಿದ್ದ ಎಟಿ ಅಂಡ್ ಟಿ, ವೆರೈಜನ್ ಎಂಬ ಎರಡು ದೊಡ್ಡ ಕಂಪನಿಗಳು, ಸ್ಮಾರ್ಟ್‌ಫೋನು ಮನೆಮನೆ ಸೇರಿ 4ಜಿ ಕಾಲ ಸಮೀಪಿಸುತ್ತಿದ್ದಂತೆಯೇ, ಮೊದಲನೆಯದು 2010ರ ಜೂನಿನಲ್ಲಿ, ಎರಡನೆಯದು 2011ರ ಜುಲೈಯಲ್ಲಿ, ಹೊಸಬರಿಗೆ ಆ ಬಾಗಿಲನ್ನು ಮುಚ್ಚಿದವು. ಹಳಬರಿಗೆ ಹಳೆಯ ಪ್ಲಾನ್ ಉಳಿಯಿತು, ನಿಜ; ಆದರೆ ರಿಯಾಯಿತಿಯ ಬೆಲೆಗೆ ಹೊಸ ಫೋನು ಕೊಳ್ಳುವವರು ಅದನ್ನು ಬಿಟ್ಟುಕೊಡತಕ್ಕದ್ದೆಂದು ವೆರೈಜನ್ 2012ರಲ್ಲಿ ಸಾರಿತು. 4ಜಿ ಬೇಕೆಂದವನಿಗೆ 4ಜಿ ಫೋನು ಬೇಕಷ್ಟೆ! ಎಟಿ ಅಂಡ್ ಟಿಯದು ಇನ್ನೂ ಸೂಕ್ಷ್ಮವಾದ ಉಪಾಯ: ಪ್ಲಾನಿನ ಹೆಸರನ್ನು ಹಾಗೆಯೇ ಬಿಟ್ಟು, ಹೆಚ್ಚು ಬಳಸಿದವರ ವೇಗವನ್ನು ಮಾತ್ರ ತಗ್ಗಿಸಿತು. ಕೆಲವರ ವೇಗ ಹೆಚ್ಚುಕಡಿಮೆ ಶೇಕಡಾ 90ರಷ್ಟು ಕುಗ್ಗಿತೆಂದು ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ದಾವೆ ಹೂಡಿತು. 2019ರಲ್ಲಿ ಕಂಪನಿಯು 6 ಕೋಟಿ ಡಾಲರು ತೆತ್ತು ರಾಜಿಮಾಡಿಕೊಂಡಿತು.

ನಮ್ಮಲ್ಲಿಯೂ ಮಾತು ಸವೆಯುವ ರೀತಿ ಹೊಸದಲ್ಲ. 2005ರ ಕೊನೆಗೆ ‘ಲೈಫ್‌ಟೈಮ್’ ಸಿಮ್ ಬಂದಾಗ ಅದು ಯಾರ ಜೀವಾವಧಿಯೆಂದು ಕೇಳಲು ನಾವು ಮರೆತೆವು. ಕಂಪನಿಯ ಪರವಾನಗಿಯ ಜೀವಾವಧಿಯೆಂದು ಆಮೇಲೆ ತಿಳಿಯಿತು. ದಿನಕ್ಕೆ ಒಂದೂವರೆ ಜಿಬಿಗೆ ಮುಗಿದು, ಬಳಿಕ 64 ಕೆಬಿಪಿಎಸ್‌ಗೆ ಇಳಿದು, ಒಂದು ಎಂಬಿಯ ಚಿತ್ರಕ್ಕೆ ಎರಡು ನಿಮಿಷ ಕಾಯಿಸುವ ಪ್ಲಾನನ್ನೂ ‘ಅನ್‌ಲಿಮಿಟೆಡ್’ ಎಂದೇ ಕರೆಯುವ ಅಭ್ಯಾಸ ನಮಗಾಗಿದೆ.

2022ರ ಅಕ್ಟೋಬರಿನಲ್ಲಿ 5ಜಿ ಬಂದಿತು. ಖಾಲಿ ಬಸ್ಸಿನ ಬಾಗಿಲಲ್ಲಿ ನಿಂತು ‘ಸೀಟಿದೆ, ಬನ್ನಿ’ ಎಂದು ಕೂಗುವಂತೆ, 239 ರೂಪಾಯಿಯ ರೀಚಾರ್ಜ್ ಇದ್ದವರಿಗೂ ಜಿಯೋ ಮಿತಿಯಿಲ್ಲದ 5ಜಿ ಕೊಟ್ಟಿತು. ಜನರು ಅದನ್ನು ನಂಬಿ ಫೋನು ಬದಲಿಸಿದರು. 2024ರ ಜುಲೈಯಲ್ಲಿ ಆ 239 ರೂಪಾಯಿಯ ಪ್ಲಾನು 299 ರೂಪಾಯಿಯದಾದುದಲ್ಲದೆ, ಮಿತಿಯಿಲ್ಲದ 5ಜಿಯು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನುಗಳಿಗೆ ಮಾತ್ರವೆಂದಾಗಿ, 28 ದಿನಗಳಿಗೆ 349 ರೂಪಾಯಿ ತೆರಬೇಕಾಯಿತು. ಏರ್‌ಟೆಲ್ ಸಹ ಅದೇ ತಿಂಗಳು ಅದೇ ಗೆರೆಯನ್ನು ಎಳೆಯಿತು.

ತರಂಗಾಂತರವು ಪರಿಮಿತವಾದುದೆಂದೂ, ಒಂದು ಟವರಿನ ಶಕ್ತಿಯನ್ನು ಅದರಡಿಯ ಎಲ್ಲರೂ ಹಂಚಿಕೊಳ್ಳಬೇಕೆಂದೂ ಕಂಪನಿಗಳು ಹೇಳುವುದು ಸುಳ್ಳಲ್ಲ. ಆದರೆ ಅಷ್ಟೇ ತರಂಗಾಂತರದಲ್ಲಿ ಹಿಂದಿನದಕ್ಕಿಂತ ಹೆಚ್ಚು ಡೇಟಾ ಸಾಗಿಸುವುದೇ ಹೊಸ ಜಾಲದ ಗುಣವಾಗಿರುವಾಗ, ದಾರಿ ಅಗಲವಾದ ಮೇಲೆ ಸುಂಕದ ಕಟ್ಟೆಯನ್ನು ಏರಿಸುವುದಕ್ಕೆ ಆ ಕಾರಣವೊಂದೇ ಸಾಲದು. ಮಿತಿ ಬರುವುದು ನಿಶ್ಚಯವಾಗಿದ್ದರೆ ಅದನ್ನು ಮೊದಲ ದಿನವೇ ಹೇಳಬಹುದಾಗಿತ್ತು.

ದರದ ನಿರ್ಣಯವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬಹುಮಟ್ಟಿಗೆ ಕಂಪನಿಗಳ ವಿವೇಚನೆಗೆ ಬಿಟ್ಟಿದೆ. ಆ ನೀತಿಯನ್ನು ನಾವು ಇಲ್ಲಿ ಪ್ರಶ್ನಿಸುತ್ತಿಲ್ಲ. ದಿನದ ಮಿತಿಯುಳ್ಳ ಡೇಟಾಕ್ಕೆ ‘ಅನ್‌ಲಿಮಿಟೆಡ್’ ಎಂಬ ಹೆಸರು ಸಲ್ಲಬಾರದೆಂದೂ, ಪರಿಚಯದ ಕೊಡುಗೆ ಎಂದಿಗೆ ಮುಗಿಯುವುದೆಂಬುದನ್ನು ಜಾಹೀರಾತಿನಲ್ಲಿ ಕನ್ನಡದಲ್ಲಿ, ಬೆಲೆಯನ್ನು ಬರೆದಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚಿಡಬೇಕೆಂದೂ, ಜಾಲ ಬದಲಾಯಿತೆಂಬ ಒಂದೇ ಕಾರಣದಿಂದ ಹಳೆಯ ಚಂದಾದಾರನ ಪ್ಲಾನನ್ನು ಕಿತ್ತುಕೊಳ್ಳಬಾರದೆಂದೂ ನಿಯಮವಾಗಲಿ ಎಂಬುದಷ್ಟೇ ನಮ್ಮ ಬೇಡಿಕೆ. ಟ್ರಾಯ್ ಪ್ರಕಟಿಸುವ ಸಮಾಲೋಚನಾ ಪತ್ರಗಳಿಗೆ ಸಾಮಾನ್ಯ ಚಂದಾದಾರನೂ ಅಭಿಪ್ರಾಯ ಬರೆದು ಕಳುಹಿಸಬಹುದು, ದಯವಿಟ್ಟು ಬರೆಯಿರಿ. ರೀಚಾರ್ಜ್ ಅಂಗಡಿಯವನು ಇದಕ್ಕೆ ಹೊಣೆಗಾರನಲ್ಲವಾದ್ದರಿಂದ ಅವನೊಡನೆ ಜಗಳ ಬೇಡ. ಈ ಕರಪತ್ರದ ಒಂದು ಪ್ರತಿಯನ್ನು ಅಂಗಡಿಯ ಗಾಜಿಗೆ ಅಂಟಿಸಲು ಅವನ ಅನುಮತಿಯನ್ನು ಕೇಳಿರಿ.