ಸುಟ್ಟ ಆಯಿಲ್ ಬೇಡ

ಮಕ್ಕಳೇ, ಕಳೆದ ಮಳೆಗಾಲದಲ್ಲಿ ಗೋಪಾಳದ ನಮ್ಮ ಬೀದಿಯಲ್ಲಿ ಯಾರೋ ಒಂದು ನಾಯಿಯನ್ನು ಬಿಟ್ಟುಹೋದರು. ಕುತ್ತಿಗೆಯಲ್ಲಿ ಬೆಲ್ಟಿನ ಗುರುತಿತ್ತು, ಮೈಮೇಲೆ ಕೂದಲಿರಲಿಲ್ಲ. ಕಿವಿಯಂಚಿನಲ್ಲಿ, ಮೊಣಕೈಯಲ್ಲಿ ಕಜ್ಜಿ. ರಾತ್ರಿಯಿಡೀ ಕೆರೆದುಕೊಳ್ಳುತ್ತಿತ್ತು.

"ಗಾಡಿಯ ಸುಟ್ಟ ಆಯಿಲ್ ಹಚ್ಚಿ ಸಾರ್, ಎರಡೇ ದಿನಕ್ಕೆ ಹೋಗುತ್ತೆ" ಅಂದರು ಪಕ್ಕದ ಮನೆಯವರು. ನಂಬಿ ಹಚ್ಚಿದೆ. ನಾಯಿ ಅದನ್ನು ನೆಕ್ಕಿ, ವಾಂತಿ ಮಾಡಿಕೊಂಡು ಮಲಗಿಬಿಟ್ಟಿತು.

"ಅಜ್ಜ, ನೀವು ಡಾಕ್ಟರಾ?" ಅಂದಳು ಮೊಮ್ಮಗಳು. ಉತ್ತರ ಹೊಳೆಯಲಿಲ್ಲ.

ಆಟೋದಲ್ಲಿ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆವು. ಡಾಕ್ಟರು ಮೊದಲು ಮೈಗಂಟಿದ ಆಯಿಲ್ ತೊಳೆಸಿದರು. ಆಮೇಲೆ ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಂಟು ಕಾಲಿನ ನುಸಿ! ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದಂತೆ. ನಮಗೂ ತುರಿಕೆ ತರಬಹುದು, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು. ಔಷಧಿ ನಾಯಿಯ ತೂಕ ನೋಡಿ ಕೊಡುವಂಥದ್ದು. ಮೊಟ್ಟೆಗಳು ಮತ್ತೆ ಮರಿಯಾಗುವುದರಿಂದ ಒಂದೇ ಸಲಕ್ಕೆ ಮುಗಿಯದು. ಹಾಸಿದ ಗೋಣಿಯನ್ನೂ ಬಿಸಿನೀರಲ್ಲಿ ಒಗೆಯಬೇಕು.

ಬ್ಯಾಂಕಿನ ಅಭ್ಯಾಸ ನೋಡಿ, ಪ್ರತಿ ಔಷಧಿಯ ದಿನಾಂಕವನ್ನೂ ಪುಸ್ತಕದಲ್ಲಿ ಬರೆದೆ. ಒಂದು ದಿನವೂ ತಪ್ಪಲಿಲ್ಲ.

ಆರನೇ ವಾರ ಬೆನ್ನ ಮೇಲೆ ಕೂದಲು ಚಿಗುರಿತು. ಅದು ಕಪ್ಪು ನಾಯಿ ಎಂದು ನಮಗೆ ಗೊತ್ತಾದದ್ದೇ ಆಗ. ಮೊಮ್ಮಗಳು ಕರಿಯ ಎಂದು ಹೆಸರಿಟ್ಟಳು.