ಒಂದು ಗಂಟೆಯ ದೂರದ ಪರದೇಶ

ವಿದೇಶ ಪ್ರವಾಸವೆಂದರೆ ಹಣವಂತರ ವ್ಯವಹಾರವೆಂಬ ಎಣಿಕೆ ದುಡಿಯುವ ಜನರಲ್ಲಿ ಬಲವಾಗಿ ಬೇರೂರಿದೆ. ಅದು ಅಕಾರಣವೂ ಅಲ್ಲ. ತೇಜೋ ನದಿಯ ದಂಡೆಯ ಲಿಸ್ಬನ್ ನಗರವನ್ನು ನೋಡಬಯಸುವ ಭಾರತೀಯನು ಶೆಂಗೆನ್ ವೀಸಾದ ಶುಲ್ಕವೆಂದೇ 90 ಯೂರೋ ತೆರಬೇಕು. ಬ್ಯಾಂಕಿನ ಲೆಕ್ಕಪತ್ರ, ಉದ್ಯೋಗದ ಪ್ರಮಾಣಪತ್ರ, ಪ್ರಯಾಣ ವಿಮೆ, ವಿಮಾನದ ಟಿಕೆಟು ಇವೆಲ್ಲ ಬೇರೆ. ಫಾತೋರ್ಡಾದ ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿ, ಕಟ್ಟಡದ ಕೆಲಸದಲ್ಲೋ ಮಾರುಕಟ್ಟೆಯಲ್ಲೋ ದುಡಿಯುವ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಯ ಕನ್ನಡಿಗನಿಗೆ ಇವು ಎಟುಕುವ ಮಾತಲ್ಲ. ಗೋವೆಯ ಮೂಲನಿವಾಸಿಗಳಲ್ಲಿ ಹಲವರು, 1961ಕ್ಕೆ ಮುನ್ನ ಇಲ್ಲಿ ಜನಿಸಿದ ಹಿರಿಯರ ದಾಖಲೆಗಳ ಬಲದಿಂದ ಪೋರ್ಚುಗೀಸ್ ಪೌರತ್ವ ಪಡೆದು ಅತ್ತ ನಡೆದರು. ಘಟ್ಟದ ಮೇಲಿನಿಂದ ಬಂದವರಿಗೆ ಆ ದಾರಿಯೂ ಇಲ್ಲ.

ಆದರೆ ನದಿಯ ದಂಡೆಯ ಒಂದು ಪರದೇಶದ ನಗರ ಇದೇ ಫಾತೋರ್ಡಾದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿದೆ. ಅದು ಪಣಜಿ. 1961ರ ಡಿಸೆಂಬರ್ 19ರವರೆಗೆ ಅದು ಕನ್ನಡಿಗರ ಪಾಲಿಗೆ ಕಾಯಿದೆಯ ಪ್ರಕಾರವೇ ವಿದೇಶ. ಹುಬ್ಬಳ್ಳಿ, ಧಾರವಾಡಗಳಿಗೆ ಅದಕ್ಕಿಂತ ಹತ್ತಿರದ ಪರದೇಶದ ರಾಜಧಾನಿ ಬೇರೊಂದಿರಲಿಲ್ಲ.

ಆ ಕಾಲದ ಪ್ರಯಾಣವನ್ನು ಒಮ್ಮೆ ನೆನೆಯುವುದು ಒಳಿತು. ಹುಬ್ಬಳ್ಳಿಯ ಕಡೆಯಿಂದ ಬರುವವನು ಲೋಂಡಾದಲ್ಲಿ ಕವಲೊಡೆಯುವ ಹಳಿಯನ್ನು ಹಿಡಿದು, ಇಂದಿನ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ನಿಲ್ದಾಣವನ್ನು ತಲುಪುತ್ತಿದ್ದನು. ಅಲ್ಲಿಗೆ ಒಂದು ದೇಶ ಮುಗಿಯುತ್ತಿತ್ತು. ದೂಧಸಾಗರದ ಜಲಪಾತವನ್ನು ಬಳಸಿ ಘಟ್ಟವಿಳಿದರೆ ಕುಳೆಯಲ್ಲಿ ಪೋರ್ಚುಗೀಸರ ಸುಂಕದ ಕಟ್ಟೆ. ಪೆಟ್ಟಿಗೆ, ಗಂಟು ಬಿಚ್ಚಿ ತೋರಿಸಿದ ಮೇಲೆ ಮಡಗಾಂವ. ಅಲ್ಲಿಂದ ಮುಂದೆ ಕುಠ್ಠಾಳಿಯಲ್ಲಿ ಝುವಾರಿ ನದಿಯನ್ನು ದೋಣಿಯಲ್ಲಿ ದಾಟಿದರೆ ಮಾತ್ರ ಪಣಜಿಯ ರಸ್ತೆ. ಕಾರವಾರದ ಕಡೆಯವರಿಗೆ ಮಾಜಾಳಿಯ ಆಚೆ ಪೋಳೆಯಲ್ಲಿ ಗಡಿ. ನಾಣ್ಯವೂ ಬೇರೆ: ಮೊದಲು ಗೋವೆಯ ರುಪಿಯಾ, 1950ರ ದಶಕದ ಕೊನೆಗೆ ಎಸ್ಕುದೊ. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಬಳಿಕ ಭಾರತವು ಗಡಿಯನ್ನು ಮುಚ್ಚಿತು; ಗಡಿ ದಾಟುವ ರೈಲೂ ನಿಂತಿತು. ಅಲ್ಲಿಂದ ಆರು ವರ್ಷ, ಇತ್ತ ಕೆಲಸಕ್ಕಿದ್ದವನಿಗೆ ಊರಿನ ಮಣ್ಣು ಮೆಟ್ಟುವುದೇ ದುಸ್ತರವಾಯಿತು.

ಇಂದು ಅದೇ ಪ್ರಯಾಣಕ್ಕೆ ಬೇಕಾದುದು ಫಾತೋರ್ಡಾದ ಕದಂಬ ಬಸ್ ನಿಲ್ದಾಣದ ಕಿಟಕಿಯಲ್ಲಿ ಕೊಳ್ಳುವ ಒಂದು ಚೀಟಿ. ಊರಿನ ಬಸ್ಸು ಹಿಡಿಯಲು ಕನ್ನಡಿಗರು ಸದಾ ನೆರೆಯುವ ಸ್ಥಳವೂ ಅದೇ. ನಡುವೆ ನಿಲ್ಲದ ಶಟಲ್ ಬಸ್ಸು ಸುಮಾರು ಒಂದು ಗಂಟೆಯಲ್ಲಿ ಪಣಜಿಯನ್ನು ಮುಟ್ಟುತ್ತದೆ. ಆ ಬಸ್ಸಿನ ಹೆಸರೇ ಒಂದು ಪಾಠ. ಬನವಾಸಿಯ ವಂಶನಾಮವನ್ನು ಹೊತ್ತ ಗೋವಾ ಕದಂಬರು ಮೊದಲು ಮಡಗಾಂವದ ಬಳಿಯ ಚಾಂದೋರದಲ್ಲಿ, ಬಳಿಕ ಝುವಾರಿಯ ದಡದ ಗೋಪಕಪಟ್ಟಣದಲ್ಲಿ ನೆಲೆಸಿ ಆಳಿದರು. ಝುವಾರಿ ಸೇತುವೆಯನ್ನು ದಾಟಿ ಆಗಶಿಯನ್ನು ಕಳೆದೊಡನೆ ಬರುವ ಗೋವಾ ವೆಲ್ಹಾ ಆ ಪಟ್ಟಣದ ನೆಲ. ನಿದ್ದೆಗೆಡದ ಪ್ರಯಾಣಿಕನು ಕಿಟಕಿಯ ಪಕ್ಕದಲ್ಲಿ ಕುಳಿತರೆ ಸಾಕು.

ಪಣಜಿಯನ್ನು ನೋಡಲು ಕಾಲ್ನಡಿಗೆಗಿಂತ ಉತ್ತಮ ವಾಹನವಿಲ್ಲ. ಬಸ್ ನಿಲ್ದಾಣದಿಂದ ಹೊರಟು ಔರೆಂ ಹೊಳೆಯನ್ನು ದಾಟಿದರೆ ಎಡಕ್ಕೆ ಫೊಂತಾಯ್ನ್ಯಾಸ್ ಕೇರಿ: ಹಳದಿ, ನೀಲಿ, ಕೆಂಪು ಬಣ್ಣದ ಮನೆಗಳು, ಕಿರಿದಾದ ಓಣಿಗಳು, ಹೆಂಚಿನ ಮಾಡುಗಳು. ಅವು ಜನ ವಾಸಿಸುವ ಮನೆಗಳೆಂಬುದನ್ನು ಮರೆಯಬಾರದು. ಮೆಟ್ಟಿಲ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವವರ ಕಾಟದಿಂದ ನಿವಾಸಿಗಳು ಬೇಸತ್ತಿದ್ದಾರೆ. ಅಲ್ಲಿಂದ ಮುಂದೆ ಅಂಕುಡೊಂಕು ಮೆಟ್ಟಿಲುಗಳ ಬಿಳಿಯ ಚರ್ಚು. ಆ ಸ್ಥಳದಲ್ಲಿ 1541ರಲ್ಲಿ ಮೊದಲ ಪ್ರಾರ್ಥನಾ ಮಂದಿರವೆದ್ದಿತು. ಬೀದಿಗಳು ಇಳಿದು ಇಳಿದು ಕೊನೆಗೆ ನದಿಯನ್ನೇ ಸೇರುತ್ತವೆ. ಸರಕಾರದ ಸೌಧವನ್ನು ನೀರಿನ ಅಂಚಿಗೇ ಕಟ್ಟಿ, ಊರಿನ ಮುಖವನ್ನು ನದಿಗೆ ತಿರುಗಿಸುವ ಈ ಬಗೆ ಲಿಸ್ಬನ್ನಿನಲ್ಲಿಯೂ ಕಾಣುವಂಥದು.

ಆದರೆ ಆ ನದೀಮುಖದ ಮುಖ್ಯ ಸೌಧವನ್ನು ಮೊದಲು ಕಟ್ಟಿಸಿದವರು ಪೋರ್ಚುಗೀಸರಲ್ಲ. ವಿಜಯಪುರದ ಯೂಸುಫ್ ಆದಿಲ್ ಶಾಹ. 1500ರ ಸುಮಾರಿಗೆ ಎದ್ದ ಆ ಅರಮನೆ 1510ರಲ್ಲಿ ಪೋರ್ಚುಗೀಸರ ಕೈಸೇರಿತು. 1759ರಿಂದ ಅವರ ವೈಸರಾಯರ ನಿವಾಸವಾಯಿತು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾದಾಗ ಆಡಳಿತದ ಹೃದಯವಾಯಿತು. ವಿಮೋಚನೆಯ ಬಳಿಕ ಗೋವಾ ವಿಧಾನಸಭೆ 2000ದವರೆಗೆ ಅಲ್ಲಿಯೇ ಕೂಡುತ್ತಿತ್ತು. ಗೋಳಗುಮ್ಮಟದ ಸೀಮೆಯಿಂದ ಬಂದು ಗೋವೆಯಲ್ಲಿ ಗೋಡೆ ಕಟ್ಟುತ್ತಿರುವವನು ಈ ಗೋಡೆಯ ಮುಂದೆ ನಿಲ್ಲದೆ ಹೋದರೆ ಅದು ಸಣ್ಣ ನಷ್ಟವಲ್ಲ.

ನದಿಯೂ ಹೊರಗಿನದಲ್ಲ. ಇಲ್ಲಿ ಮಾಂಡೋವಿ ಎನಿಸಿದ ಹೊಳೆ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹಾದಾಯಿ. ಅದರ ನೀರಿನ ಹಂಚಿಕೆಯ ಬಗ್ಗೆ ನ್ಯಾಯಮಂಡಳಿಯು 2018ರ ಆಗಸ್ಟ್‌ನಲ್ಲಿ ತೀರ್ಪು ನೀಡಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಗೊತ್ತುಪಡಿಸಿದರೂ ವ್ಯಾಜ್ಯ ತಣಿದಿಲ್ಲ. ನರಗುಂದ, ನವಲಗುಂದದ ರೈತನ ಮಗನು ಗೋವೆಯಲ್ಲಿ ದುಡಿಯುವಾಗ ಈ ಮಾತೆದ್ದರೆ ಎರಡೂ ಕಡೆ ಬಾಯಿ ಕಟ್ಟಿಕೊಳ್ಳಬೇಕಾಗುತ್ತದೆ. ಆ ಹೊಳೆ ಗೋವೆಗೆ ಏನಾಗಿದೆಯೆಂಬುದನ್ನು ಅದರ ದಡದಲ್ಲಿ ನಿಂತು ಕಂಡವನಿಗೆ ಉಭಯ ಪಕ್ಷಗಳ ಅಳಲೂ ಅರ್ಥವಾದೀತು.

ನದಿಯ ಮೇಲೆ ತೇಲುವ ಕ್ಯಾಸಿನೊಗಳಿಗೆ ಸಾವಿರಾರು ರೂಪಾಯಿ ಬೇಕು. ಆದರೆ ಅದೇ ನೀರಿನ ಮೇಲೆ ಪಣಜಿಯಿಂದ ಬೆತಿಗೆ ಹೋಗಿಬರುವ ಸರಕಾರಿ ಫೆರಿಯಲ್ಲಿ ಕಾಲ್ನಡಿಗೆಯವನಿಗೆ ಶುಲ್ಕವೇ ಇಲ್ಲ. ಸಂಜೆಯ ಹೊತ್ತು ಅದರ ಕಟಕಟೆಗೆ ಒರಗಿ ನಿಂತರೆ ಅರಮನೆ, ಚರ್ಚು, ಸೇತುವೆಗಳ ಸಾಲು ಒಂದೇ ನೋಟಕ್ಕೆ ದಕ್ಕುತ್ತದೆ. ಬುತ್ತಿಯನ್ನು ಮನೆಯಿಂದ ಒಯ್ದರೆ, ನಾಲ್ವರ ಸಂಸಾರಕ್ಕೆ ಬಸ್ಸಿನ ಚೀಟಿಯೊಂದೇ ದೊಡ್ಡ ಖರ್ಚು. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುವ ರೂಢಿ ಇರುವುದರಿಂದ ಬೆಳಗಿನ ಬಸ್ಸನ್ನೇ ಹಿಡಿಯುವುದು ಲೇಸು.

ಹಾಗಾದರೂ ಫಾತೋರ್ಡಾದ ಎಷ್ಟೋ ಕನ್ನಡಿಗರಿಗೆ ಪಣಜಿಯೆಂದರೆ ಒಂದು ಸರಕಾರಿ ಕಚೇರಿ, ಇಲ್ಲವೆ ಬಾಂಬೋಳಿಯ ದವಾಖಾನೆಯ ದಾರಿ. ಕಾಗದಪತ್ರದ ಗಡಿ 1961ರಲ್ಲಿ ಅಳಿಯಿತು. ಮನಸ್ಸಿನ ಗಡಿ ಉಳಿಯಿತು. ಗಳಿಕೆಯ ಉಳಿತಾಯವೆಲ್ಲ ಜಾತ್ರೆಗೆ, ಮದುವೆಗೆ, ಊರಿನ ಮನೆಯ ಮಾಡಿಗೆ ಹೋಗುವುದು ತಪ್ಪಲ್ಲ. ಆದರೆ ಗೋವೆಯಲ್ಲಿಯೇ ಹುಟ್ಟಿ ಕೊಂಕಣಿಯಲ್ಲಿ ಆಡಿ ಬೆಳೆಯುವ ಮಕ್ಕಳಿಗೆ ತಂದೆತಾಯಿಯ ಊರು ರಜೆಯ ಊರಾಗಿ, ತಾವು ಬೆಳೆದ ನಾಡು ಕೇವಲ ಕೂಲಿಯ ನಾಡಾಗಿ ಉಳಿದರೆ, ಅವರು ಎರಡೂ ಕಡೆ ಪರದೇಶಿಗಳಾಗುತ್ತಾರೆ. ಹೊರಗಿನವರೆಂಬ ಮಾತನ್ನು ಆಗಾಗ ಕೇಳಬೇಕಾದ ಮಕ್ಕಳಿಗೆ ಆದಿಲ್ ಶಾಹನ ಗೋಡೆಯನ್ನೂ ಕದಂಬರ ನೆಲವನ್ನೂ ಭೀಮಗಡದ ನೀರನ್ನೂ ತೋರಿಸಿಕೊಡುವುದು ತಂದೆತಾಯಿಯ ಕೈಯಲ್ಲಿಯೇ ಇದೆ. ಅದಕ್ಕೆ ಪಾಸ್‌ಪೋರ್ಟ್ ಬೇಡ. ಬಿಡುವಿನ ಒಂದು ದಿನ ಸಾಕು.